ಎರಡು ಕೇರಿಗಳ ಊರು: ಇಕ್ಕೇರಿಯ ಬೀದಿಯನ್ನು ಪಾಠ ಮಾಡುವುದು ಹೇಗೆ?

ವಿಷಯ: ಸಮಾಜ ವಿಜ್ಞಾನ (ಇತಿಹಾಸ)
ತರಗತಿ: 9
ಅವಧಿ: 40 ನಿಮಿಷಗಳ ಎರಡು ಪಾಠ ಮತ್ತು ಅರ್ಧ ದಿನದ ಸ್ಥಳ ಭೇಟಿ
ಯಾರಿಗೆ: ಕಾರ್ಗಲ್ ಭಾಗದ ಪ್ರೌಢಶಾಲೆಗಳಲ್ಲಿ ಅಭ್ಯಾಸ ಬೋಧನೆಗೆ ಹೋಗುವವರಿಗೆ

ಕೆಳದಿ ಅರಸರ ಪಾಠವನ್ನು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ನಮ್ಮ ಭಾಗದಲ್ಲಿ ಸಾಕಷ್ಟು ಮಂದಿ ಇದ್ದಾರೆ. ಆಯ್ಕೆ ಸರಿಯಾದದ್ದೇ. ಆದರೆ ಪಾಠ ಮುಗಿಯುವ ಹೊತ್ತಿಗೆ ಕಪ್ಪುಹಲಗೆಯ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದೇ ಬಗೆಯ ಪಟ್ಟಿ: ಚೌಡಪ್ಪ, ಸದಾಶಿವ ನಾಯಕ, ವೆಂಕಟಪ್ಪ ನಾಯಕ, ಶಿವಪ್ಪ ನಾಯಕ, ಚೆನ್ನಮ್ಮಾಜಿ, ರಾಜಧಾನಿಗಳು ಕೆಳದಿ, ಇಕ್ಕೇರಿ, ಬಿದನೂರು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಆ ರಾಜಧಾನಿಯಲ್ಲಿ ಜನ ಎಲ್ಲಿ ನಡೆದಾಡಿದರು, ಎಂಥ ಮನೆಯಲ್ಲಿ ಮಲಗಿದರು, ಆ ಮನೆಗಳೆಲ್ಲ ಎಲ್ಲಿಗೆ ಹೋದವು ಎಂಬ ಪ್ರಶ್ನೆ ಮಾತ್ರ ಅವರ ತಲೆಗೆ ಬರುವುದಿಲ್ಲ, ನಾವೂ ಬರಿಸುವುದಿಲ್ಲ.

ಅದಕ್ಕಾಗಿ ಈ ಪಾಠದಲ್ಲಿ ಅರಸರನ್ನು ಸ್ವಲ್ಪ ಬದಿಗೆ ಸರಿಸಿ ಒಂದು ಬೀದಿಯನ್ನು ಕೈಗೆತ್ತಿಕೊಳ್ಳೋಣ. ಅದು ಇಕ್ಕೇರಿಯ ಬೀದಿ. ಸಾಗರದಿಂದ ದಕ್ಷಿಣಕ್ಕೆ ಐದಾರು ಕಿಲೋಮೀಟರ್. ಇಂದು ಅಲ್ಲಿ ಆ ಹಳೆಯ ಪಟ್ಟಣದ ಮನೆಗಳಿಲ್ಲ, ಅಂಗಡಿಸಾಲಿಲ್ಲ. ದೊಡ್ಡದೊಂದು ಕಲ್ಲಿನ ದೇವಾಲಯವಿದೆ. ಇಲ್ಲದ ಬೀದಿಯನ್ನು ಪಾಠ ಮಾಡುವುದು ಕಷ್ಟವೆಂದು ತೋರಬಹುದು. ನನ್ನ ಅಭಿಪ್ರಾಯದಲ್ಲಿ ಇತಿಹಾಸ ಕಲಿಸಲು ಅದಕ್ಕಿಂತ ಒಳ್ಳೆಯ ಬೀದಿ ಸಿಗುವುದಿಲ್ಲ.

ಪೂರ್ವಜ್ಞಾನ: ಕಾರ್ಗಲ್ಲಿನಿಂದಲೇ ಹೊರಡಿ

ಕಾರ್ಗಲ್ಲಿನ ಮಗುವಿಗೆ ಬೀದಿ ಹೊಸದಲ್ಲ. ಶರಾವತಿ ಯೋಜನೆಯ ಜೊತೆಗೆ ಬೆಳೆದ ಊರು ಇದು. ಅಳೆದು ಹಾಕಿದ ರಸ್ತೆ, ಸಾಲಾಗಿ ನಿಂತ ಕ್ವಾರ್ಟರ್ಸ್, ಕಾಲೋನಿ ಎಂಬ ಮಾತು ಇಲ್ಲಿನವರ ಬಾಯಲ್ಲಿ ಸಹಜ. ಆದ್ದರಿಂದ ಮೊದಲ ಪ್ರಶ್ನೆ ಹೀಗಿರಲಿ: "ನಿಮ್ಮ ಮನೆಯ ಮುಂದಿನ ರಸ್ತೆಯನ್ನು ಯಾರು ಮಾಡಿದರು? ಯಾಕೆ ಅಲ್ಲೇ ಮಾಡಿದರು?" ಉತ್ತರಗಳು ಬೇಗ ಬರುತ್ತವೆ. ಎರಡನೆಯದು ಸ್ವಲ್ಪ ಗಹನ: "ನಿಮ್ಮ ಅಜ್ಜ ಅಜ್ಜಿಯ ಊರಿನಲ್ಲಿ ಬೀದಿ ಇತ್ತೆ?" ಮಲೆನಾಡಿನ ಹಳ್ಳಿಗಳಲ್ಲಿ ಬಹುಮಟ್ಟಿಗೆ ಒಂಟಿಮನೆಗಳು. ತೋಟಕ್ಕೊಂದು ಮನೆ, ಮನೆಗೊಂದು ಅಂಗಳ, ಅಂಗಳ ದಾಟಿದರೆ ದಣಪೆ, ಅಲ್ಲಿಂದ ಕಾಲುದಾರಿ. ಮನೆಗೆ ಮನೆ ತಾಗಿ ನಿಲ್ಲುವ ಬೀದಿ ಎಂಬುದು ಇಲ್ಲಿ ಪೇಟೆಯ ಗುರುತು. ಇಂದಿಗೂ ನಮ್ಮವರು ಸಾಗರಕ್ಕೆ ಹೊರಟಾಗ "ಪೇಟೆಗೆ ಹೋಗಿ ಬರ್ತೀನಿ" ಎನ್ನುವುದನ್ನು ಮಕ್ಕಳಿಗೆ ನೆನಪಿಸಿ.

ಮೂರನೆಯ ಪ್ರಶ್ನೆಯನ್ನು ಮೆಲ್ಲಗೆ ಕೇಳಬೇಕು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಅನೇಕ ಊರುಗಳು ನೀರಿನಡಿ ಹೋದವು. ತರಗತಿಯಲ್ಲಿ ಆ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ಇರಬಹುದು. ಹಿನ್ನೀರು ತೀರ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಕಾಣಿಸಿಕೊಳ್ಳುತ್ತದೆ. "ಅಣೆಕಟ್ಟು ಕಾಣುತ್ತದೆ, ಮನೆಗಳು ಯಾಕೆ ಕಾಣುವುದಿಲ್ಲ?" ಎಂದು ಕೇಳಿ. ಕಟ್ಟಿದ ಕಲ್ಲು ಉಳಿಯುತ್ತದೆ, ಮಣ್ಣಿನ ಗೋಡೆ ಕರಗುತ್ತದೆ ಎಂಬ ಉತ್ತರ ಮಕ್ಕಳಿಂದಲೇ ಬರಲಿ. ನೀವು ಹೇಳಿಬಿಟ್ಟರೆ ಇಡೀ ಪಾಠದ ಬೀಗದ ಕೈಯನ್ನು ಆರಂಭದಲ್ಲೇ ಕಳೆದುಕೊಂಡಂತೆ.

ಹೆಸರನ್ನು ಬಿಡಿಸುವುದು

ಇಕ್ಕೇರಿ ಎಂಬ ಹೆಸರಿನಲ್ಲೇ ಬೀದಿ ಇದೆ. ಹಲಗೆಯ ಮೇಲೆ ಇರ್ + ಕೇರಿ ಎಂದು ಬರೆಯಿರಿ. ಹಳಗನ್ನಡದಲ್ಲಿ ಎರಡು ಎಂಬರ್ಥದ 'ಇರ್' ಮುಂದಿನ ವ್ಯಂಜನಕ್ಕೆ ಹೊಂದಿಕೊಂಡು ಇಮ್ಮಡಿ, ಇಕ್ಕೆಲ, ಇಬ್ಬದಿ, ಇಪ್ಪತ್ತು ಮುಂತಾದ ಮಾತುಗಳಾಗಿವೆ. ಅದೇ ದಾರಿಯಲ್ಲಿ ಇಕ್ಕೇರಿ, ಎಂದರೆ ಎರಡು ಕೇರಿ. ಕನ್ನಡ ಶಿಕ್ಷಕರು ಜೊತೆಗಿದ್ದರೆ ಈ ಹತ್ತು ನಿಮಿಷವನ್ನು ಅವರಿಗೇ ಕೊಡಿ. ಕೇರಿ, ಬೀದಿ, ಓಣಿ, ಪೇಟೆ, ರಸ್ತೆ ಇವುಗಳಲ್ಲಿ ವ್ಯತ್ಯಾಸವೇನು ಎಂದು ಮಕ್ಕಳನ್ನು ಕೇಳುವುದೂ ಚೆನ್ನ. ಒಂದು ಎಚ್ಚರಿಕೆ ಬೇಕು. ಕೇರಿ ಎಂಬುದು ಇಂದು ಅನೇಕ ಕಡೆ ಜಾತಿಯ ಗುರುತಾಗಿ ಬಳಕೆಯಾಗುತ್ತದೆ, ಕೆಲವು ಮಕ್ಕಳಿಗೆ ಆ ಮಾತು ನೋವಿನದು. ಹಿಂದೆ ರಾಜಧಾನಿಯ ಹೆಸರಿನಲ್ಲೇ ಆ ಪದವಿತ್ತು ಎಂದು ಹೇಳಿ ಮುಂದುವರಿಯಿರಿ. ಯಾವ ಮಗುವನ್ನೂ "ನಿನ್ನ ಕೇರಿ ಯಾವುದು" ಎಂದು ಕೇಳಬೇಡಿ.

ಎರಡು ಕೇರಿಗಳ ಈ ಊರು 16ನೆಯ ಶತಮಾನದ ಮೊದಲ ಭಾಗದಲ್ಲಿ ಸದಾಶಿವ ನಾಯಕನ ಕಾಲಕ್ಕೆ ಕೆಳದಿಯ ಬದಲು ರಾಜಧಾನಿಯಾಯಿತು. ನೂರು ವರ್ಷಕ್ಕೂ ಮಿಕ್ಕಿ ಆ ಸ್ಥಾನದಲ್ಲಿತ್ತು. ಬಿಜಾಪುರದ ಸೈನ್ಯದ ದಾಳಿಯ ನಂತರ, 1639ರಲ್ಲಿ, ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ, ಎಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರಕ್ಕೆ, ಹೋಯಿತು. ಇಕ್ಕೇರಿಯ ಹೆಸರು ಮಾತ್ರ ನಾಣ್ಯದ ಮೇಲೆ ಸವಾರಿ ಮಾಡುತ್ತ ಉಳಿಯಿತು: ಟಂಕಸಾಲೆ ಅಲ್ಲಿಂದ ಹೋದ ಮೇಲೂ ಜನ ಇಕ್ಕೇರಿ ವರಹ ಎಂದೇ ಕರೆದರು. ಕಾಲಾನುಕ್ರಮಕ್ಕೆ ಇಷ್ಟು ಸಾಕು.

1623ರ ನವೆಂಬರ್

ಈಗ ಪಾಠದ ಮುಖ್ಯ ಸಾಕ್ಷಿಯನ್ನು ಕರೆತರಬೇಕು. ರೋಮಿನವನಾದ ಪಿಯೆತ್ರೋ ಡೆಲ್ಲಾ ವಾಲ್ಲೆ 1614ರಲ್ಲಿ ಇಟಲಿ ಬಿಟ್ಟು ಹೊರಟವನು. ತುರ್ಕಿ, ಪರ್ಷಿಯಾ ಸುತ್ತಿ ಗೋವೆಗೆ ಬಂದು, 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆಗೂಡಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ. ಹೊನ್ನಾವರ, ಅಲ್ಲಿಂದ ಹೊಳೆಯಲ್ಲಿ ಗೇರುಸೊಪ್ಪೆ, ಆಮೇಲೆ ಘಟ್ಟ. ಈ ದಾರಿಯನ್ನು ಗೋಡೆಯ ನಕ್ಷೆಯಲ್ಲಿ ತೋರಿಸಿ. ಗೇರುಸೊಪ್ಪೆ ಘಟ್ಟದಲ್ಲಿ ಬಸ್ಸು ಹತ್ತಿಳಿದ ಮಕ್ಕಳು ಅಲ್ಲಿಯೇ ಕುಳಿತು ಆ ಪ್ರಯಾಣವನ್ನು ಕಲ್ಪಿಸಿಕೊಳ್ಳುತ್ತಾರೆ. ಕಂಡದ್ದನ್ನೆಲ್ಲ ಅವನು ನೇಪಲ್ಸಿನಲ್ಲಿದ್ದ ಗೆಳೆಯನಿಗೆ ಪತ್ರಗಳಲ್ಲಿ ಬರೆದ. ಅರಸನನ್ನು ಮೆಚ್ಚಿಸಲು ಬರೆದ ಕಾವ್ಯವಲ್ಲ, ಗೆಳೆಯನಿಗೆ ಬರೆದ ಪತ್ರ ಎಂಬುದನ್ನು ಮಕ್ಕಳಿಗೆ ಒತ್ತಿ ಹೇಳಿ.

ಗೇರುಸೊಪ್ಪೆಯಲ್ಲಿ ಅವನು ಕಂಡದ್ದು ಹಾಳೂರು. ಸ್ವಲ್ಪ ಕಾಲದ ಹಿಂದಿನವರೆಗೆ ರಾಣಿಯ ಆಳ್ವಿಕೆಯಲ್ಲಿ ಮೆರೆದ, ವೆಂಕಟಪ್ಪ ನಾಯಕನಿಗೆ ಸೋತ ಆ ಪಟ್ಟಣದಲ್ಲಿ ಅರಮನೆ ಬಿದ್ದು ಮರಗಳು ಬೆಳೆದಿದ್ದವು, ಕೆಲವು ಗುಡಿಸಲುಗಳಷ್ಟೇ ಉಳಿದಿದ್ದವು. ಮಲೆನಾಡಿನಲ್ಲಿ ಒಂದು ಬೀದಿಯನ್ನು ಕಾಡು ಎಷ್ಟು ಬೇಗ ನುಂಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಕ್ಕೇರಿ ಆಗ ಜೀವಂತ ರಾಜಧಾನಿ. ಒಳಬರಲು ಮೂರು ಬಾಗಿಲು, ಮೂರು ಆವರಣ ದಾಟಬೇಕಿತ್ತು. ಹೊರಗಿನದು ಗೋಡೆಯೇ ಅಲ್ಲ, ಒತ್ತಾಗಿ ಬೆಳೆಸಿದ ಎತ್ತರದ ಬಿದಿರು. ಕುದುರೆಗೂ ಕಾಲಾಳಿಗೂ ನುಗ್ಗಲಾಗದ, ಬಳ್ಳಿ ಹಬ್ಬಿ ಹಸಿರಾಗಿದ್ದ ಬೇಲಿ ಅದು. ಒಳಗಿನ ಎರಡು ಗೋಡೆಗಳಾದರೂ ಅವನಿಗೆ ದುರ್ಬಲವಾಗಿ ಕಂಡವು. ಊರು ವಿಶಾಲ, ಆದರೆ ಮನೆಗಳು ವಿರಳ, ಕಟ್ಟಡ ಸಾಧಾರಣ. ಜಾಗದ ಬಹುಭಾಗವನ್ನು ಉದ್ದುದ್ದನೆಯ ದೊಡ್ಡ ಬೀದಿಗಳೇ ತಿಂದುಬಿಟ್ಟಿವೆ ಎಂಬುದು ಅವನ ಮಾತಿನ ಸಾರ. ಆ ಬೀದಿಗಳಿಗೆ ಎತ್ತರದ ಮರಗಳ ನೆರಳು, ಬದಿಗಳಲ್ಲಿ ದೊಡ್ಡ ಕೆರೆಗಳು, ನಡುನಡುವೆ ಗದ್ದೆ, ತೋಪು. ಊರೋ, ಕೆರೆಯೋ, ಕಾಡೋ ಎಂದು ಬಿಡಿಸಲಾಗದಂತೆ ಎಲ್ಲ ಬೆರೆತು ಕಣ್ಣಿಗೆ ಹಿತವಾಗಿತ್ತು ಎಂದೂ ಒಪ್ಪಿಕೊಳ್ಳುತ್ತಾನೆ.

ಇಲ್ಲಿ ಪಾಠ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ: "ಮನೆಗಳು ವಿರಳ ಎಂಬುದು ಇಕ್ಕೇರಿಯ ಕೊರತೆಯೋ, ರೋಮಿನಿಂದ ಬಂದವನ ಕಣ್ಣಿನ ಅಭ್ಯಾಸವೋ?" ಕಲ್ಲಿನ ಮನೆಗಳು ಒಂದಕ್ಕೊಂದು ಅಂಟಿ ನಿಲ್ಲುವ ನಗರದಿಂದ ಬಂದವನಿಗೆ ನಡುವೆ ತೋಟವಿರುವ ಊರು ಅರ್ಧ ಕಟ್ಟಿದಂತೆ ಕಂಡರೆ ಆಶ್ಚರ್ಯವಿಲ್ಲ. ತಿಂಗಳುಗಟ್ಟಲೆ ಮಳೆ ಸುರಿಯುವ ನಾಡಿನಲ್ಲಿ ಬೇರೆಯೇ ಲೆಕ್ಕ. ಸೋಗೆ ಹೊದಿಸಿದ ಮನೆಗಳು ಹತ್ತಿರ ಹತ್ತಿರ ಇದ್ದರೆ ಒಂದಕ್ಕೆ ಹತ್ತಿದ ಬೆಂಕಿ ಹತ್ತಕ್ಕೆ ಹಬ್ಬುತ್ತದೆ. ಮಾಡಿನ ನೀರು ಇಳಿದು ಹೋಗಲು ಜಾಗ ಬೇಕು, ಹರಿದ ನೀರು ನಿಲ್ಲಲು ಕೆರೆ ಬೇಕು. ಅವನು ದೂರಿದ ಖಾಲಿ ಜಾಗವೇ ಮಲೆನಾಡಿನ ಪಟ್ಟಣದ ವಾಸ್ತುವಾಗಿತ್ತೆಂದು ನಾನು ಓದುತ್ತೇನೆ. ಮಕ್ಕಳು ಒಪ್ಪದೆ ವಾದಿಸಿದರೆ ಇನ್ನೂ ಒಳ್ಳೆಯದು.

ಮಣ್ಣು, ಬಿದಿರು, ಸೋಗೆ, ಸೆಗಣಿ

ಬೋಧನೋಪಕರಣಗಳಿಗಾಗಿ ಚಾರ್ಟು ಬರೆಯುತ್ತ ರಾತ್ರಿ ಕೂರಬೇಡಿ. ಒಂದು ಹಿಡಿ ಕೆಮ್ಮಣ್ಣು, ಜಂಬಿಟ್ಟಿಗೆಯ ಚೂರು, ಅಡಿಕೆ ಸೋಗೆ, ಬಿದಿರಿನ ತುಂಡು, ಒಂದು ಮಂಗಳೂರು ಹಂಚು, ಒಂದು ಕಣಶಿಲೆಯ ಚೂರು ಸಾಕು. ಇವನ್ನು ಮೇಜಿನ ಮೇಲಿಟ್ಟು, ನಾನೂರು ವರ್ಷ ಮಳೆಯಲ್ಲಿ ನೆನೆದರೆ ಯಾವುದು ಉಳಿಯುತ್ತದೆ ಎಂಬ ಕ್ರಮದಲ್ಲಿ ಜೋಡಿಸಲು ಹೇಳಿ. ಹಂಚಿನ ಬಳಿ ಮಕ್ಕಳು ತೊಡಕಿಕೊಳ್ಳುತ್ತಾರೆ. ಹಳೆಯ ಮನೆ ಎಂದರೆ ಹಂಚಿನ ಮನೆ ಎಂಬುದು ಅವರ ಕಲ್ಪನೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ ಎಂದು ತಿಳಿಸಿ. ಹಾಗಾದರೆ ಇಕ್ಕೇರಿಯ ಬೀದಿಯ ಚಿತ್ರದಲ್ಲಿ ಮಂಗಳೂರು ಹಂಚು ಬರೆದವರು ರಬ್ಬರಿಗೆ ಕೈ ಹಾಕಬೇಕಾಗುತ್ತದೆ.

ಬಿದಿರಿನ ಕೋಟೆಯ ಬಗ್ಗೆ ಒಂದು ಮಾತು. ಬಿದಿರು ಕೆಲವು ದಶಕಗಳಿಗೊಮ್ಮೆ ಹೂಬಿಟ್ಟು, ಅಕ್ಕಿ ಕೊಟ್ಟು ಸಾಯುವ ಗಿಡ. ಅಂಥ ಕೋಟೆಯನ್ನು ಕಟ್ಟಿ ಮುಗಿಸಲಾಗದು, ಬೆಳೆಸುತ್ತಲೇ ಇರಬೇಕು. ಬೆಳೆಸುವವರು ಹೊರಟುಹೋದ ಮೇಲೆ ಅದರ ಅವಶೇಷ ಹುಡುಕುವುದೆಲ್ಲಿ?

ಡೆಲ್ಲಾ ವಾಲ್ಲೆ ಈ ಪ್ರಯಾಣದಲ್ಲಿ ಬಹಳ ಮೆಚ್ಚಿದ್ದು ಅರಮನೆಯ ವೈಭವವನ್ನಲ್ಲ, ನೆಲವನ್ನು. ಸೆಗಣಿ ಸಾರಿಸಿದ ನೆಲ ನುಣುಪಾಗಿ ಹೊಳೆಯುವುದನ್ನು ಕಂಡು, ಊರಿಗೆ ಹೋದ ಮೇಲೆ ಇಟಲಿಯಲ್ಲೂ ಮಾಡಿಸಿ ನೋಡಬೇಕೆಂದು ಬರೆದುಕೊಂಡ. ಅಂಥ ಮನೆಗೆ ಪ್ಲೇಗು ತಟ್ಟುವುದಿಲ್ಲವೆಂದು ಯಾರೋ ಅವನಿಗೆ ಹೇಳಿದ್ದರು. ತರಗತಿ ಇಲ್ಲಿ ನಗುತ್ತದೆ, ನಗಲಿ. ನಗು ನಿಂತ ಮೇಲೆ ಕೇಳಿ: "ನೆಲ ಹೊಳೆಯುತ್ತಿತ್ತು ಎಂಬುದು ಅವನು ಕಂಡದ್ದು. ಪ್ಲೇಗು ಬರುವುದಿಲ್ಲ ಎಂಬುದು?" ಕೇಳಿದ್ದು ಎಂದು ಯಾರಾದರೂ ಹೇಳುತ್ತಾರೆ. ಹಲಗೆಯನ್ನು ಮೂರು ಭಾಗ ಮಾಡಿ ಕಂಡದ್ದು, ಕೇಳಿದ್ದು, ಉಳಿದದ್ದು ಎಂದು ಬರೆಯಲು ಇದೇ ಹೊತ್ತು. ಉಳಿದ ಪಾಠವೆಲ್ಲ ಈ ಮೂರು ಅಂಕಣಗಳನ್ನು ತುಂಬಿಸುವ ಕೆಲಸ.

ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿ ಅವನ ಪತ್ರದಲ್ಲಿದೆ. ಘಟ್ಟದ ದಾರಿಯ ಒಂದು ಗುಡಿಯ ಜಗುಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಒಬ್ಬ ರಾಗವಾಗಿ ಪಾಠ ಹೇಳುತ್ತ ನೆಲಕ್ಕೆ ಹರಡಿದ ನಯವಾದ ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದ, ಉಳಿದವರು ಅವನ ಹಾಗೆಯೇ ಹೇಳಿ ಬರೆಯುತ್ತಿದ್ದರು. ನೆಲ ತುಂಬಿದಾಗ ಹೊಸ ಮರಳು. ಗುರು ಇಲ್ಲದಾಗ ಮರೆತರೆ ತಿದ್ದುವವರು ಯಾರು ಎಂದು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲವೆಂಬ ಉತ್ತರ ಬಂತು. ಸಹಪಾಠಿಗಳಿಂದ ಕಲಿಕೆ ಎಂಬ ಅಧ್ಯಾಯವನ್ನು ನಾವು ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಅವರ 1797ರ ವರದಿಯಿಂದ ಆರಂಭಿಸುವುದು ವಾಡಿಕೆ. ಅದಕ್ಕೂ 174 ವರ್ಷ ಮೊದಲಿನ ಈ ಜಗುಲಿ ನಮ್ಮ ಘಟ್ಟದ್ದು.

ಲಕ್ಷ ಮನೆಗಳು

ಎರಡನೆಯ ಸಾಕ್ಷಿ 1801ರದು. ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮೈಸೂರು, ಕೆನರಾ, ಮಲಬಾರುಗಳ ಸಮೀಕ್ಷೆಗೆ ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕನನ್ ಇಕ್ಕೇರಿಗೆ ಬಂದ. ರಾಜಧಾನಿ ಹೋಗಿ ಆಗಲೇ ನೂರ ಅರುವತ್ತು ವರ್ಷ ದಾಟಿತ್ತು. ಒಂದರೊಳಗೊಂದು ಮೂರು ಆವರಣಗಳಿದ್ದುದನ್ನು ಅವನೂ ಹೇಳುತ್ತಾನೆ. ಅರಮನೆ ಮಣ್ಣು ಮತ್ತು ಮರದ್ದು, ದೊಡ್ಡದೇನೂ ಅಲ್ಲ. ಮರಗೆಲಸದಲ್ಲಿ ಚೆಂದದ ಕೆತ್ತನೆ, ಮೇಲೆ ಚಿನ್ನದಂಥ ಬಣ್ಣ. ಹಿಂದೆ ಈ ಊರಿನಲ್ಲಿ ಒಂದು ಲಕ್ಷ ಮನೆಗಳಿದ್ದವೆಂದು ಜನ ಅವನಿಗೆ ಹೇಳಿದರು. ಅವನು ನಂಬಲಿಲ್ಲ.

ಈ ಲಕ್ಷವನ್ನು ತರಗತಿ ಏನು ಮಾಡಬೇಕು? ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ಅಭಿಮಾನದಿಂದ ಅದನ್ನೇ ದಪ್ಪಕ್ಷರದಲ್ಲಿ ಬರೆದುಬಿಡುತ್ತಾರೆ, ಕೆಲವರು ಸುಳ್ಳೆಂದು ಒರೆಸಿಬಿಡುತ್ತಾರೆ. ಎರಡೂ ಬೇಡ. ಊರು ಜೀವಂತವಾಗಿದ್ದಾಗ ಕಣ್ಣಾರೆ ಕಂಡವನು ಮನೆಗಳು ವಿರಳ ಎಂದ; ಊರು ಹೋದ ಮೇಲೆ ಕೇಳಿದವನಿಗೆ ಲಕ್ಷ ಮನೆ ಎಂದರು. ಎರಡನ್ನೂ ಅವುಗಳ ಅಂಕಣದಲ್ಲಿ ಬರೆಸಿ. ಕಳೆದುಹೋದ ಊರು ನೆನಪಿನಲ್ಲಿ ದೊಡ್ಡದಾಗುತ್ತದೆ ಎಂಬುದನ್ನು ಮುಳುಗಡೆಯ ಮನೆಗಳ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಲಕ್ಷ ಎಂಬುದು ಮನೆಗಳ ಎಣಿಕೆಯಲ್ಲ, ಕಳೆದುಕೊಂಡದ್ದರ ಎಣಿಕೆ. ಅದೂ ಒಂದು ಬಗೆಯ ದಾಖಲೆಯೇ.

ಉಳಿದ ಕಲ್ಲು

ಸ್ಥಳ ಭೇಟಿಯಲ್ಲಿ ನೋಡುವುದು ಅಘೋರೇಶ್ವರ ದೇವಾಲಯ. ಉತ್ತರಕ್ಕೆ ಮುಖ, ಕಣಶಿಲೆಯ ಕಟ್ಟಡ. ಹೊಯ್ಸಳರ ನೆನಪು, ವಿಜಯನಗರದ ರೀತಿ, ನಂದಿಮಂಟಪದಲ್ಲಿ ಸುಲ್ತಾನರ ಕಟ್ಟಡಗಳಂಥ ಕಮಾನು, ಎಲ್ಲ ಒಂದೇ ಅಂಗಳದಲ್ಲಿ. ಶೈಲಿಯ ಹೆಸರುಗಳನ್ನು ಬಾಯಿಪಾಠ ಮಾಡಿಸುವ ಬದಲು ಮೂರು ವಸ್ತುಗಳ ಬಳಿ ಮಕ್ಕಳನ್ನು ನಿಲ್ಲಿಸಿ.

ಮೊದಲನೆಯದು ಗರ್ಭಗುಡಿಯ ಪೀಠ. ಅಲ್ಲಿ ಈಗ ಲಿಂಗವಿದೆ. ಡೆಲ್ಲಾ ವಾಲ್ಲೆ ಕಂಡದ್ದು ಒಂದು ತಲೆ, ಎಡಬಲಕ್ಕೆ ಹದಿನಾರರಂತೆ ಮೂವತ್ತೆರಡು ಕೈಗಳಿದ್ದ ಮೂರ್ತಿ. ಆ ಮೂರ್ತಿ ಇಲ್ಲ, ಆದರೆ ವಿಶಾಲವಾದ ಪೀಠದ ಸುತ್ತ ಕುಳಿತ ಸ್ತ್ರೀಮೂರ್ತಿಗಳು ಮೂವತ್ತೆರಡು. ಪತ್ರದ ಸಂಖ್ಯೆಗೂ ಕಲ್ಲಿನ ಸಂಖ್ಯೆಗೂ ತಾಳೆಯಾಗುವುದನ್ನು ಕಂಡಾಗ, ಅವನ ಉಳಿದ ಮಾತುಗಳ ಮೇಲೆ ಎಷ್ಟು ಭರವಸೆ ಇಡಬಹುದೆಂದು ಮಕ್ಕಳೇ ತೀರ್ಮಾನಿಸಲಿ.

ಎರಡನೆಯದು ಕಂಬಗಳ ಅಂತರ. ಈ ದೇವಾಲಯದ ನಡುಗಂಬಗಳ ನಡುವಿನ ದೂರವನ್ನೇ ತೋಟದ ಜಮೀನಿನ ಅಳತೆಗೋಲಾಗಿ ಬಳಸುತ್ತಿದ್ದರೆಂದು ಬಿ. ಎಲ್. ರೈಸ್ ಮೈಸೂರು ಗೆಜೆಟಿಯರ್‌ನಲ್ಲಿ ದಾಖಲಿಸಿದ್ದಾರೆ. ಅದು 18 ಅಡಿ 6 ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು 5.6 ಮೀಟರ್. ಹಗ್ಗವನ್ನು ಶಾಲೆಯಲ್ಲೇ ಆ ಉದ್ದಕ್ಕೆ ಕತ್ತರಿಸಿಕೊಂಡು ಹೋಗಿ. ಅಡಿಕೆ ತೋಟದ ಮನೆಯ ಮಕ್ಕಳು ಇಲ್ಲಿ ತಾವಾಗಿಯೇ ಮುಂದೆ ಬರುತ್ತಾರೆ. ಅಳತೆಯಲ್ಲಿ ಜಗಳವಾದರೆ ಹೋಗಿ ನೋಡಬಹುದಾದ, ಯಾರೂ ಗುಟ್ಟಾಗಿ ಕತ್ತರಿಸಲಾಗದ ಅಳತೆಗೋಲು ಅದು. ದೇವಾಲಯವನ್ನು ಬೀದಿಯ ಕೊನೆಯ ಕಟ್ಟಡವೆಂದಷ್ಟೇ ನೋಡಿದರೆ ಈ ಉಪಯೋಗ ಕಾಣುವುದಿಲ್ಲ.

ಮೂರನೆಯದು ಗರ್ಭಗುಡಿಯ ಎದುರಿನ ನೆಲದಲ್ಲಿ ಕೆತ್ತಿದ, ಅಡ್ಡಬಿದ್ದ ಭಂಗಿಯ ಮೂವರು ನಾಯಕರು, ಹೆಸರುಗಳ ಸಮೇತ. ಕಲ್ಲಿನಲ್ಲಿ ಹೆಸರು ಉಳಿದದ್ದು ಅರಸರದು.

ಬೀದಿಯಲ್ಲಿ ಹೋದವಳು

ಆ ಬೀದಿಯಲ್ಲಿ ನಡೆದ ಸಾಮಾನ್ಯರಲ್ಲಿ ಒಬ್ಬಳ ಹೆಸರು ಪತ್ರದಲ್ಲಿ ಉಳಿದಿದೆ. ಪಿಯೆತ್ರೋ ಬರೆದುಕೊಂಡ ರೀತಿಯಿಂದ ಅದನ್ನು ಜಕ್ಕಮ್ಮ ಎಂದು ಓದಬಹುದು. ಅವಳ ಗಂಡ ತಮಟೆ ಬಾರಿಸುತ್ತಿದ್ದವನು, ತೀರಿಕೊಂಡಿದ್ದ. ಸಹಗಮನಕ್ಕೆ ನಿಶ್ಚಯಿಸಿದ ಅವಳನ್ನು ಕುದುರೆಯ ಮೇಲೆ ಕೂರಿಸಿ, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಕೊಟ್ಟು, ವಾದ್ಯದೊಂದಿಗೆ ಬೀದಿಬೀದಿ ಸುತ್ತಿಸುತ್ತಿದ್ದುದನ್ನು ಅವನು ಕಂಡ. ಆಮೇಲೆ ಅವಳ ಮನೆಗೇ ಹೋಗಿ, ಚಿಕ್ಕ ಮಕ್ಕಳಿದ್ದಾರಲ್ಲ, ಬೇಡವೆಂದು ದುಭಾಷಿಯ ಮೂಲಕ ಬಹಳ ಹೊತ್ತು ಹೇಳಿದ. ಅವಳು ಒಪ್ಪಲಿಲ್ಲ.

ಇದನ್ನು ಒಂಬತ್ತನೆಯ ತರಗತಿಗೆ ಹೇಳಬೇಕೆ ಎಂಬ ಸಂದೇಹ ಬರುವುದು ಸಹಜ. ಹೇಳಬೇಕೆಂದೇ ನನ್ನ ನಿಲುವು, ಮುಖ್ಯವಾಗಿ ಹೆಣ್ಣುಮಕ್ಕಳಿರುವ ತರಗತಿಯಲ್ಲಿ. ನೆರಳಿನ ಮರ, ಕೆರೆ, ಅಮಾವಾಸ್ಯೆಯ ಸಂಜೆ ಗುಡಿಯಲ್ಲಿ ಹಚ್ಚುತ್ತಿದ್ದ ದೀಪಸಾಲು ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾವು ಕಲಿಸಿದ್ದು ಕ್ಯಾಲೆಂಡರಿನ ಚಿತ್ರ. ಅದೇ ಮರಗಳ ನೆರಳಿನಲ್ಲಿ ಅವಳ ಕುದುರೆಯೂ ಹೋಯಿತು. ಆದರೆ ನಾಟಕೀಯವಾಗಿ ವರ್ಣಿಸಬೇಡಿ, ಅಭಿನಯ ಮಾಡಿಸಬೇಡಿ, ವೈಭವೀಕರಿಸಲಂತೂ ಬೇಡಿ. 1829ರಲ್ಲಿ ಬಂಗಾಳ ಪ್ರಾಂತ್ಯದಲ್ಲಿ ಸತಿ ನಿಷೇಧವಾದದ್ದನ್ನು ಇದೇ ತರಗತಿಗೆ ಮುಂದೆ ಕಲಿಸುವಾಗ, ಆ ಕಾನೂನು ಯಾರಿಗಾಗಿ ಎಂಬುದಕ್ಕೆ ಮಕ್ಕಳ ಬಳಿ ಒಂದು ಹೆಸರು ಇರುತ್ತದೆ.

ಮೌಲ್ಯಮಾಪನ ಮತ್ತು ಮನೆಗೆಲಸ

ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಗಳಿಂದ ಈ ಪಾಠವನ್ನು ಅಳೆಯಲಾಗದು. ಪ್ರತಿ ಗುಂಪಿಗೂ ಒಂದು ದೊಡ್ಡ ಹಾಳೆ ಕೊಟ್ಟು ಇಕ್ಕೇರಿಯ ಬೀದಿಯ ಚಿತ್ರ ಬರೆಸಿ. ಕಣ್ಣಾರೆ ಕಂಡವರು ಹೇಳಿದ್ದಕ್ಕೆ ನೀಲಿ, ಇಂದೂ ನಿಂತಿರುವುದಕ್ಕೆ ಕಪ್ಪು, ತಾವು ಊಹಿಸಿ ಸೇರಿಸಿದ್ದಕ್ಕೆ ಪೆನ್ಸಿಲ್. ಮೂರು ಆವರಣ, ಕೆರೆ, ಮರ, ಉದ್ದದ ಬೀದಿ ನೀಲಿಯಲ್ಲಿ ಬರಬೇಕು, ದೇವಾಲಯ ಕಪ್ಪಿನಲ್ಲಿ, ಜಗುಲಿ, ಅಂಗಡಿ, ದಣಪೆ ಪೆನ್ಸಿಲಿನಲ್ಲಿ. ಪೆನ್ಸಿಲಿನ ಗೆರೆಗೂ ಕಾರಣ ಕೇಳಿ: "ಇಲ್ಲಿ ಜಗುಲಿ ಇತ್ತೆಂದು ಯಾಕೆ ಅನ್ನಿಸಿತು?" ಚಿತ್ರದ ಅಂದಕ್ಕೆ ಅಂಕವಿಲ್ಲ, ಬಣ್ಣ ಬೆರೆಸದೆ ಬರೆದದ್ದಕ್ಕೆ ಅಂಕ.

ಮನೆಗೆಲಸಕ್ಕೆ ಒಂದೇ ಕೆಲಸ ಸಾಕು. ಮನೆಯ ಹಿರಿಯರೊಬ್ಬರನ್ನು ಕೇಳಿ, ಅವರು ಚಿಕ್ಕಂದಿನಲ್ಲಿ ನಡೆದಾಡಿದ, ಈಗ ಇಲ್ಲದ ಒಂದು ದಾರಿಯ ಬಗ್ಗೆ ಹತ್ತು ಸಾಲು ಬರೆದು ತರುವುದು, ಅದನ್ನೂ ಮೂರು ಅಂಕಣಗಳಲ್ಲಿ.

ಭೇಟಿಗೆ ಡಿಸೆಂಬರ್ ಅಥವಾ ಜನವರಿ ಒಳ್ಳೆಯದು. ಬೆಳಿಗ್ಗೆಯ ಬಸ್ಸಿಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಸಾಗರಕ್ಕೆ ಮರಳಬಹುದು. ದೇವಾಲಯ ಸಂರಕ್ಷಿತ ಸ್ಮಾರಕ, ಜೊತೆಗೆ ಪೂಜೆ ನಡೆಯುವ ಸ್ಥಳ. ಒಳಗೆ ಹಗ್ಗ ಹಿಡಿದು ಅಳೆಯುವ ಮೊದಲು ಅಲ್ಲಿರುವವರ ಅನುಮತಿ ಕೇಳಿಕೊಳ್ಳಿ.